ಬಿಳಿ ಬಿಳಿಯಾಗಿಯೇ ಕಾಣಲಿ: ಕ್ಯಾಮೆರಾದಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್

ಗದಗ-ಬೆಟಗೇರಿ ಕೈಮಗ್ಗದ ಸೀರೆಗಳಿಗೆ ಹೆಸರಾದ ಊರು. ಅಲ್ಲಿನ ಮಗ್ಗದ ಮನೆಯಲ್ಲಿ ಬಲ್ಬಿನ ಬೆಳಕಿನಲ್ಲಿ ಸೀರೆಯ ಫೋಟೊ ತೆಗೆದರೆ ಬಿಳಿ ನೂಲು ಹಳದಿಯಾಗಿ, ನೀಲಿ ಅಂಚು ಮಂಕಾಗಿ ಕಾಣುವುದುಂಟು. ಫೋಟೊ ನೋಡಿ ಕೊಂಡವರು ಬಣ್ಣ ಬೇರೆಯೆಂದು ಸೀರೆ ಹಿಂದಿರುಗಿಸಿದರೆ ನಷ್ಟವಾಗುವುದು ನೇಕಾರರಿಗೆ. ನಮ್ಮ ಚರ್ಚುಗಳಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳ ಬಿಳಿ ಉಡುಪು ಆಲ್ಬಮ್‌ನಲ್ಲಿ ಹಳದಿಯಾಗುವುದೂ ಇದೇ ಕಾರಣಕ್ಕೆ.

ಪ್ರತಿಯೊಂದು ಬೆಳಕಿಗೂ ತನ್ನದೇ ಬಣ್ಣವಿದೆ. ಇದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳೆಯ ತಂತಿ ಬಲ್ಬಿನದು ಸುಮಾರು 2800, ನಡುಹಗಲ ಬಿಸಿಲಿನದು ಸುಮಾರು 5500, ನೆರಳಿನದು 7000ಕ್ಕೂ ಹೆಚ್ಚು. ಸಂಖ್ಯೆ ಕಡಿಮೆಯಾದಷ್ಟು ಬೆಳಕು ಹಳದಿ, ಹೆಚ್ಚಾದಷ್ಟು ನೀಲಿ. ನಮ್ಮ ಕಣ್ಣು ಇದಕ್ಕೆ ತಾನೇ ಹೊಂದಿಕೊಳ್ಳುತ್ತದೆ. 'ಆಟೊ'ದಲ್ಲಿರುವ ಕ್ಯಾಮೆರಾ ಊಹೆ ಮಾಡುತ್ತದೆ. ಚೌಕಟ್ಟಿನ ತುಂಬ ಕೆಂಪು ಸೀರೆಯೇ ಇದ್ದರೆ ಆ ಊಹೆ ತಪ್ಪುವ ಸಂಭವ ಹೆಚ್ಚು.

ಹಾಗಾಗಿ ಬಿಳಿ ಯಾವುದೆಂದು ನಾವೇ ತೋರಿಸಿಕೊಡಬೇಕು. ಸೀರೆ ಇರುವ ಜಾಗದಲ್ಲೇ, ಅದೇ ಬೆಳಕು ಬೀಳುವಂತೆ ಬೂದು ಕಾರ್ಡ್ ಅಥವಾ ಬಿಳಿ ಹಾಳೆ ಹಿಡಿಯಿರಿ. ಚೌಕಟ್ಟಿನ ನಡುಭಾಗ ಅದರಿಂದಲೇ ತುಂಬಲಿ. ನಮ್ಮ ನೆರಳು ಅದರ ಮೇಲೆ ಬೀಳಬಾರದು, ಚಿತ್ರ ತೀರಾ ಬೆಳ್ಳಗಾಗಲೂಬಾರದು. ಫೋಕಸ್ ಸಿಗದಿದ್ದರೆ ಮ್ಯಾನುಯಲ್‌ಗೆ ಬದಲಿಸಿ. ಕ್ಯಾನನ್ ಕ್ಯಾಮೆರಾಗಳಲ್ಲಿ ಆ ಚಿತ್ರವನ್ನು ಮೆನುವಿನ 'ಕಸ್ಟಮ್ ವೈಟ್ ಬ್ಯಾಲೆನ್ಸ್'ನಲ್ಲಿ ಆರಿಸಿ, ಬಳಿಕ ವೈಟ್ ಬ್ಯಾಲೆನ್ಸನ್ನು 'ಕಸ್ಟಮ್'ಗೆ ತಿರುಗಿಸಬೇಕು. ನಿಕಾನ್‌ನಲ್ಲಿ ಇದರ ಹೆಸರು 'ಪ್ರೀಸೆಟ್ ಮ್ಯಾನುಯಲ್'. ಹೊಳಪಿನ ರಾಸಾಯನಿಕ ಬೆರೆಸಿದ ಹಾಳೆ, ನೀಲಿ ಹಾಕಿ ಒಗೆದ ಬಟ್ಟೆ ನಿಜವಾದ ಬಿಳಿಯಲ್ಲ; ಬೂದು ಕಾರ್ಡೇ ಉತ್ತಮ.

ಬೆಳಕು ಬದಲಾದರೆ ಮತ್ತೆ ಹೊಂದಿಸಬೇಕು. ಲಕ್ಷ್ಮೇಶ್ವರದಲ್ಲಿ ಚಾಲುಕ್ಯರ ಕಾಲದ ಸೋಮೇಶ್ವರ ದೇವಾಲಯವಿದೆ. ಅಂಗಳದ ಬಿಸಿಲಿಗೆ ಹೊಂದಿಸಿದ್ದನ್ನೇ ಇಟ್ಟುಕೊಂಡು ದೀಪ ಉರಿಯುವ ಒಳಗಿನ ಕಂಬಗಳನ್ನು ತೆಗೆದರೆ ಕಲ್ಲು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಿಟಕಿ ಬೆಳಕು ಮತ್ತು ದೀಪ ಎರಡೂ ಬೆರೆತಲ್ಲಿ ಒಂದೇ ಹೊಂದಾಣಿಕೆ ಎರಡಕ್ಕೂ ಸರಿಹೋಗದು. ಸಾಧ್ಯವಾದರೆ ದೀಪ ಆರಿಸಿ.

ಎಲ್ಲ ಕಡೆಯೂ ಇದು ಬೇಕೆಂದಿಲ್ಲ. ಶಿರಹಟ್ಟಿ, ಮುಂಡರಗಿ ಕಡೆಯಿಂದ ಕಪ್ಪತಗುಡ್ಡದ ಸಂಜೆಯನ್ನು ತೆಗೆಯುವಾಗ ಬಿಳಿ ಹಾಳೆ ಹಿಡಿದರೆ ಆ ಹೊಂಬಣ್ಣವೇ ಮಾಯವಾಗುತ್ತದೆ. ಅಲ್ಲಿ 'ಡೇಲೈಟ್' ಸಾಕು.

ರಾ ಕಡತದಲ್ಲಿ ತೆಗೆದ ಚಿತ್ರದ ಬಣ್ಣವನ್ನು ನಂತರ ಕಂಪ್ಯೂಟರಿನಲ್ಲಿ ತಿದ್ದಬಹುದು. ಜೆಪೆಗ್‌ನಲ್ಲಿ ಅದು ಕಷ್ಟ. ಸಮಾರಂಭಕ್ಕೆ ಹೊರಡುವ ನಮ್ಮ ಕಾರ್ಯಕರ್ತರು ಕ್ಯಾಮೆರಾ ಚೀಲದಲ್ಲಿ ಒಂದು ಬೂದು ಕಾರ್ಡ್ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಕೆಲಸ ಮುಗಿದ ಮೇಲೆ ಮರೆಯದೆ 'ಆಟೊ'ಗೆ ಮರಳಿಸಿ.