ನಾಲ್ಕು ಗಂಟೆಯ ಎಚ್ಚರಿಕೆ ಎಲ್ಲಿಂದ ಬಂತು

ನಿಮಿರು ದೌರ್ಬಲ್ಯಕ್ಕೆ ಕೊಡುವ ಮಾತ್ರೆಯ ಪೊಟ್ಟಣದೊಳಗಿನ ಕಾಗದದಲ್ಲಿ, ನಿಮಿರುವಿಕೆ 4 ಗಂಟೆ ಮೀರಿಯೂ ಉಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂಬ ಸೂಚನೆ ಇರುತ್ತದೆ. ಅಮೆರಿಕದ ಟಿ.ವಿ. ಜಾಹೀರಾತುಗಳಲ್ಲಿ ಪದೇ ಪದೇ ಕೇಳಿಬಂದು ಹಾಸ್ಯಗಾರರ ಬಾಯಿಗೆ ಬಿದ್ದ ಈ ಸೂಚನೆಯ ಹಿಂದಿನ ಭಯ ಹುಟ್ಟಿದ್ದು ಮಾತ್ರೆಯಿಂದಲ್ಲ, ಅದಕ್ಕಿಂತ 16 ವರ್ಷ ಮೊದಲೇ ಬಂದ ಚುಚ್ಚುಮದ್ದಿನಿಂದ. ಆ ಚುಚ್ಚುಮದ್ದಿನ ಚರಿತ್ರೆಯಲ್ಲಿ ಒಂದು ಸಂಜೆಯ ಪ್ರಸಂಗ ಎಷ್ಟು ಪ್ರಸಿದ್ಧವಾಯಿತೆಂದರೆ, ಅದೇ ವಿಜ್ಞಾನಿ ಮರುವರ್ಷ ಮಾಡಿದ, ರೋಗಿಗಳಿಗೆ ಹೆಚ್ಚು ಬೇಕಾಗಿದ್ದ ಕೆಲಸ ಬಹುತೇಕ ಮರೆತೇ ಹೋಯಿತು.

ಕಾಮೋದ್ರೇಕ ಇಲ್ಲದೆಯೂ, ಅಥವಾ ಅದು ಮುಗಿದ ಮೇಲೂ, ಗಂಟೆಗಟ್ಟಲೆ ಇಳಿಯದ ನಿಮಿರುವಿಕೆಯನ್ನು ವೈದ್ಯರು ಪ್ರಯಾಪಿಸಂ ಎನ್ನುತ್ತಾರೆ. ಶಿಶ್ನದ ಉದ್ದಕ್ಕೂ ಸ್ಪಂಜಿನಂಥ ಎರಡು ಕಂಬಗಳಿದ್ದು, ಅವುಗಳ ಮೃದು ಸ್ನಾಯು ಸಡಿಲಗೊಂಡಾಗ ಅಪಧಮನಿಯ ರಕ್ತ ಒಳನುಗ್ಗುತ್ತದೆ. ಉಬ್ಬಿದ ಅಂಗಾಂಶವು ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳನ್ನು ಒತ್ತಿ ಮುಚ್ಚುತ್ತದೆ. ಸ್ನಾಯು ಮತ್ತೆ ಬಿಗಿದುಕೊಂಡಾಗ ಆ ದಾರಿ ತೆರೆಯುತ್ತದೆ. ತೆರೆಯದಿದ್ದರೆ ಒಳಗೆ ಸಿಕ್ಕಿಬಿದ್ದ ರಕ್ತದಲ್ಲಿ ಆಮ್ಲಜನಕ ತೀರಿ, ಆಮ್ಲೀಯತೆ ಏರಿ, ನೋವು ಹೆಚ್ಚಿ, ಸ್ನಾಯುಕೋಶಗಳು ಸಾಯತೊಡಗುತ್ತವೆ. ಆ ಜಾಗದಲ್ಲಿ ಗಡುಸು ನಾರು ಬೆಳೆದು ನಿಮಿರುವ ಶಕ್ತಿಯೇ ಶಾಶ್ವತವಾಗಿ ಹೋಗಬಹುದು. ಅಮೆರಿಕದ ಶಸ್ತ್ರವೈದ್ಯ ಫ್ರಾಂಕ್ ಹಿನ್ಮನ್ 1914ರಲ್ಲಿ ಈ ರೋಗದ ಪ್ರಕರಣಗಳನ್ನು ಕಲೆಹಾಕಿ ಬರೆದಿದ್ದರು. ತಂದೆಯ ಹೆಸರನ್ನೇ ಹೊತ್ತ ಅವರ ಮಗ, ನಿಂತು ಮಂದವಾದ ರಕ್ತವೇ ತೊಂದರೆಯ ಮೂಲವೆಂದು 1960ರಲ್ಲಿ ವಿವರಿಸಿದರು. ಚುಚ್ಚುಮದ್ದು ಬರುವವರೆಗೆ ಇದು ಕುಡಗೋಲು ಕಣ ರೋಗದಂಥ ರಕ್ತದೋಷಗಳ ಜೊತೆಯಲ್ಲಿ ವಿರಳವಾಗಿ ಕಾಣುತ್ತಿದ್ದ ಕಾಯಿಲೆಯಾಗಿತ್ತು.

ಈ ಸ್ಥಿತಿ ಬದಲಾದದ್ದು ಪ್ಯಾರಿಸ್‌ನಲ್ಲಿ. ಅಲ್ಲಿನ ರಕ್ತನಾಳ ಶಸ್ತ್ರವೈದ್ಯ ರೊನಾಲ್ಡ್ ವಿರಾಗ್, ಶಸ್ತ್ರಕ್ರಿಯೆಯೊಂದರ ನಡುವೆ ಪಪಾವರಿನ್ ಎಂಬ ಔಷಧ ಶಿಶ್ನಕ್ಕೆ ಹೋಗುವ ರಕ್ತದಲ್ಲಿ ಸೇರಿದಾಗ, ಅರಿವಳಿಕೆಯಲ್ಲಿ ಮಲಗಿದ್ದ ರೋಗಿಯಲ್ಲಿ ದೀರ್ಘವಾದ ನಿಮಿರುವಿಕೆ ಉಂಟಾದದ್ದನ್ನು ಗಮನಿಸಿದರು. ಜಾರ್ಜ್ ಮೆರ್ಕ್ 1848ರಲ್ಲಿ ಅಫೀಮಿನಿಂದ ಬೇರ್ಪಡಿಸಿದ್ದ ಈ ಪದಾರ್ಥ ಅಮಲೇರಿಸುವುದಿಲ್ಲ, ಮೃದು ಸ್ನಾಯುವನ್ನು ಸಡಿಲಿಸುತ್ತದೆ. ಅದನ್ನು ನೇರವಾಗಿ ಶಿಶ್ನಕ್ಕೆ ಚುಚ್ಚಿದ ತಮ್ಮ ಅನುಭವವನ್ನು ವಿರಾಗ್ 1982ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನಿಮಿರು ದೌರ್ಬಲ್ಯವೆಂದರೆ ಮನಸ್ಸಿನ ತೊಡಕೇ ಎಂದು ನಂಬಿದ್ದ ಕಾಲದಲ್ಲಿ, ಸೂಜಿಯೊಂದು ಮನಸ್ಸಿನ ಅಪ್ಪಣೆಯಿಲ್ಲದೆ ಅಂಗವನ್ನು ಎಬ್ಬಿಸಬಲ್ಲದೆಂಬುದು ಸಣ್ಣ ಮಾತಾಗಿರಲಿಲ್ಲ.

ಲಂಡನ್ನಿನ ಜೈಲ್ಸ್ ಬ್ರಿಂಡ್ಲೆ ಇದೇ ದಾರಿಯಲ್ಲಿ ಬೇರೆ ಔಷಧಗಳನ್ನು, ಅದೂ ತಮ್ಮ ಮೈಮೇಲೆಯೇ, ಪರೀಕ್ಷಿಸುತ್ತಿದ್ದರು. ಕುರುಡರ ಮಿದುಳಿನಲ್ಲಿ ವಿದ್ಯುದಗ್ರಗಳನ್ನಿಟ್ಟು ಬೆಳಕಿನ ಚುಕ್ಕೆಗಳನ್ನು ಕಾಣಿಸಿದ, ಬೆನ್ನುಹುರಿಗೆ ಪೆಟ್ಟುಬಿದ್ದವರ ಮೂತ್ರಕೋಶಕ್ಕೆ ನರ ಪ್ರಚೋದಕವನ್ನು ರೂಪಿಸಿದ, ಬಿಡುವಿನಲ್ಲಿ ಬಸೂನ್ ಎಂಬ ಸುಷಿರ ವಾದ್ಯವನ್ನೇ ಹೊಸದಾಗಿ ಕಟ್ಟಿದ ಈ ಶರೀರಶಾಸ್ತ್ರಜ್ಞ, 1983ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ವಾರ್ಷಿಕ ಸಮ್ಮೇಳನಕ್ಕೆಂದು ಲಾಸ್ ವೇಗಾಸ್‌ಗೆ ಬಂದರು. ಸಂಜೆಯ ಔತಣಕ್ಕೆ ಸಿಂಗರಿಸಿಕೊಂಡ ವೈದ್ಯರೂ ಅವರ ಪತ್ನಿಯರೂ ತುಂಬಿದ್ದ ಸಭಾಂಗಣದಲ್ಲಿ ನೀಲಿ ಟ್ರ್ಯಾಕ್‌ಸೂಟ್ ತೊಟ್ಟು ನಿಂತ ಬ್ರಿಂಡ್ಲೆ, ತಮ್ಮ ಅಂಗದ ಸ್ಲೈಡುಗಳನ್ನು ಒಂದೊಂದಾಗಿ ತೋರಿಸಿ, ಚಿತ್ರಗಳಲ್ಲಿ ಕಾಣುವುದು ಕಾಮೋದ್ರೇಕದ ಫಲವಿರಬಹುದೆಂಬ ಸಂಶಯವನ್ನು ತಾವೇ ಎತ್ತಿ, ಭಾಷಣಕ್ಕೆ ಬರುವ ಮುನ್ನ ಹೋಟೆಲ್ ಕೋಣೆಯಲ್ಲಿ ಚುಚ್ಚಿಕೊಂಡೇ ಬಂದಿರುವುದಾಗಿ ತಿಳಿಸಿದರು. ಬಟ್ಟೆಯ ಮೇಲಿನಿಂದ ಕಾಣುವ ಪುರಾವೆ ಸಾಲದೆಂದು ಭಾವಿಸಿ ಪ್ಯಾಂಟು ಇಳಿಸಿದರು. ಬಿಗಿತವನ್ನು ಸಭಿಕರೇ ಪರೀಕ್ಷಿಸಲೆಂದು ವೇದಿಕೆಯಿಂದ ಕೆಳಗಿಳಿಯಲು, ಮುಂದಿನ ಸಾಲುಗಳ ಕೆಲವು ಮಹಿಳೆಯರು ಚೀರಿದರು. ಆ ಕೂಗಿಗೆ ಬೆಚ್ಚಿದ ವಿಜ್ಞಾನಿ ಅವಸರದಲ್ಲಿ ಪ್ಯಾಂಟು ಏರಿಸಿಕೊಂಡು ಭಾಷಣ ಮುಗಿಸಿದರು. ಸಭೆಯಲ್ಲಿದ್ದ ಕೆನಡಾದ ಮೂತ್ರರೋಗ ತಜ್ಞ ಲಾರೆನ್ಸ್ ಕ್ಲಾಟ್ಜ್ 2005ರಲ್ಲಿ ಇದನ್ನೆಲ್ಲ ಬರೆದ ಮೇಲಂತೂ ಪ್ರಸಂಗ ದಂತಕಥೆಯಾಯಿತು.

ದಂತಕಥೆ ಬಿಟ್ಟುಬಿಡುವ ಸಂಗತಿಯೇ ಇಲ್ಲಿ ಮುಖ್ಯ. ಚುಚ್ಚುಮದ್ದು ಹಬ್ಬಿದಂತೆ, ಎದ್ದದ್ದು ಇಳಿಯದೆ ಆಸ್ಪತ್ರೆಗೆ ಓಡಿಬರುವವರ ಹೊಸ ವರ್ಗವೊಂದು ಹುಟ್ಟಿಕೊಂಡಿತು. ಹಿಂದೆ ರಕ್ತದೋಷ ಮಾಡುತ್ತಿದ್ದುದನ್ನು ಈಗ ಚಿಕಿತ್ಸೆಯೇ ಮಾಡತೊಡಗಿತ್ತು. 1984ರಲ್ಲಿ ಬ್ರಿಂಡ್ಲೆ ಅದೇ 'ಲ್ಯಾನ್ಸೆಟ್'ನಲ್ಲಿ, ಸ್ನಾಯುವನ್ನು ಬಿಗಿಗೊಳಿಸುವ ಮೆಟರಾಮಿನಾಲ್ ಎಂಬ ಔಷಧವನ್ನು ಅದೇ ಜಾಗಕ್ಕೆ ಚುಚ್ಚಿ ಅಂಗವನ್ನು ಇಳಿಸಬಹುದೆಂದು ಬರೆದರು. ಆ ಔಷಧ ದೇಹದ ರಕ್ತದೊತ್ತಡವನ್ನು ಅಪಾಯಕರವಾಗಿ ಏರಿಸಬಲ್ಲದೆಂದು ತಿಳಿದ ಮೇಲೆ ಅದರ ಸ್ಥಾನಕ್ಕೆ ಫಿನೈಲೆಫ್ರಿನ್ ಬಂದಿತಾದರೂ, ವಿಧಾನದ ತಿರುಳು ಬದಲಾಗಲಿಲ್ಲ. ಪ್ಯಾಂಟು ಇಳಿಸಿದವರೆಂದು ನೆನಪಿನಲ್ಲಿ ಉಳಿದ ಮನುಷ್ಯ, ಇಳಿಯದ ಅಂಗವನ್ನು ಇಳಿಸಲು ಹಾಕಿಕೊಟ್ಟ ದಾರಿಯನ್ನು ಸ್ಮರಿಸುವವರು ವಿರಳ.

ಮುಂದಿನ ಕಥೆ ಚಿಕ್ಕದು. ಪಪಾವರಿನ್‌ಗಿಂತ ಬೇಗ, ಅಂಗಾಂಶದಲ್ಲೇ ಕರಗಿಹೋಗುವ ಅಲ್ಪ್ರೊಸ್ಟಾಡಿಲ್ ಚುಚ್ಚುಮದ್ದಿಗೆ ಅಮೆರಿಕ 1995ರಲ್ಲಿ ಒಪ್ಪಿಗೆ ನೀಡಿತು. ಪರೀಕ್ಷೆಗಳಲ್ಲಿ 4ರಿಂದ 6 ಗಂಟೆಯ ನಿಮಿರುವಿಕೆ ಕಂಡದ್ದು ಸುಮಾರು 4% ಜನರಲ್ಲಿ. 1998ರ ಮಾರ್ಚ್‌ನಲ್ಲಿ ಬಂದ ಸಿಲ್ಡೆನಾಫಿಲ್, ಅಂದರೆ ವಯಾಗ್ರ, ಚುಚ್ಚುಮದ್ದಿನಂತೆ ತಾನಾಗಿಯೇ ಅಂಗವನ್ನು ನಿಮಿರಿಸುವುದಿಲ್ಲ. ಕಾಮೋದ್ರೇಕದಿಂದ ಹೊರಟ ಸಂಕೇತ ಬೇಗ ಅಳಿಯದಂತೆ ತಡೆಯುತ್ತದಷ್ಟೆ. ಆದ್ದರಿಂದ ಮಾತ್ರೆಯೊಂದರಿಂದಲೇ ಪ್ರಯಾಪಿಸಂ ಆಗುವುದು ತೀರಾ ಅಪರೂಪ. ಆದರೂ ಚುಚ್ಚುಮದ್ದಿನ ಕಾಲದ ಎಚ್ಚರಿಕೆ ಖ್ಯಾತಿ ಪಡೆದದ್ದು ಮಾತ್ರೆಯ ಜಾಹೀರಾತಿನಲ್ಲಿ, ಮತ್ತು ಅಲ್ಲಿ ಅದು ಎಚ್ಚರಿಕೆಗಿಂತ ಹೆಚ್ಚಾಗಿ ಗಂಡಸುತನದ ಬಡಾಯಿಯಂತೆ ಕೇಳಿಸಿತು.

ಆಸ್ಪತ್ರೆಯಲ್ಲಿ ನಡೆಯುವುದು ಸರಳ: ಸೂಜಿಯಿಂದ ಕಪ್ಪಾದ ರಕ್ತವನ್ನು ಎಳೆದು ತೆಗೆದು, ರಕ್ತದೊತ್ತಡ ನೋಡುತ್ತ ಫಿನೈಲೆಫ್ರಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ಚುಚ್ಚುತ್ತಾರೆ, ಅದಕ್ಕೂ ಬಗ್ಗದಿದ್ದರೆ ಶಸ್ತ್ರಕ್ರಿಯೆಯಿಂದ ರಕ್ತಕ್ಕೆ ಬೇರೆ ದಾರಿ ಮಾಡುತ್ತಾರೆ. ಬೇಗ ಬಂದವನಿಗೆ ಸೂಜಿಯೇ ಸಾಕಾಗುತ್ತದೆ. 36 ಗಂಟೆ ದಾಟಿಸಿ ಬಂದವನಿಗೆ ಶಸ್ತ್ರಕ್ರಿಯೆಯೂ ಹಿಂದಿನ ಶಕ್ತಿಯನ್ನು ಉಳಿಸಿಕೊಡುವುದು ಕಷ್ಟ. ಈ ಎರಡು ಸ್ಥಿತಿಗಳ ನಡುವೆ ವ್ಯರ್ಥವಾಗುವ ಸಮಯಕ್ಕೆ ಮುಖ್ಯ ಕಾರಣ ನಾಚಿಕೆ, ಮತ್ತು ಈ ವಿಷಯ ಎಲ್ಲಿ ಎತ್ತಿದರೂ ಮೊದಲು ಕೇಳುವ ನಗು ಆ ನಾಚಿಕೆಯನ್ನು ಇನ್ನಷ್ಟು ಬಲಪಡಿಸುತ್ತಲೇ ಬಂದಿದೆ.