ಎರಡು ಮಿಲಿವೋಲ್ಟಿನ ಭಜನೆ

"ಎರಡು ಸಾವಿರ ವಾಟ್ ಸಾರ್, ಇಡೀ ಬೀದಿಗೆ ಕೇಳುತ್ತೆ" ಎಂದ ಎಸ್.ಪಿ. ರಸ್ತೆಯ ಅಂಗಡಿ ಹುಡುಗ. ಬೀದಿಯ ಉಸಾಬರಿ ನಮಗೆ ಬೇಕಿರಲಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಮೈಕಾಸುರನ ಮೇಲೆ ನೆರೆಯವರಿಗೆ ಮೊದಲೇ ಸಿಟ್ಟಿದೆ. ನೂರಿಪ್ಪತ್ತು ಜನ ಕೂರುವ ದೇವಸ್ಥಾನದ ಹಾಲ್‌ನಲ್ಲಿ ಕೊನೆಯ ಜಮಖಾನದವರೆಗೆ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳಿದರೆ ಸಾಕಿತ್ತು. ಪ್ರತಿ ಶನಿವಾರ ಬಾಡಿಗೆ ಮೈಕ್ ಸೆಟ್ಟಿಗೆ ದುಡ್ಡು ತೆತ್ತು ಬೇಸತ್ತ ಭಜನಾ ಮಂಡಳಿಯವರು, "ನೀವು ವಿಜ್ಞಾನ ಬರೀತೀರಲ್ಲ, ನೀವೇ ಹೋಗಿಬನ್ನಿ" ಎಂದು ನನ್ನನ್ನು ಅಟ್ಟಿದ್ದರು.

ನಾನು ಹುಡುಕುತ್ತಿದ್ದದ್ದು ಪವರ್ಡ್ ಮಿಕ್ಸರ್. ಸಾದಾ ಮಿಕ್ಸರ್ ನಾಲ್ಕಾರು ಮೈಕುಗಳ ದನಿಯನ್ನು ಒಂದುಗೂಡಿಸುತ್ತದೆ, ಅಷ್ಟೇ. ಸ್ಪೀಕರ್ ಬಾಕ್ಸನ್ನು ಅಲುಗಿಸುವ ಕಸುವು ಅದಕ್ಕಿಲ್ಲ. ಬೇರೆ ಆಂಪ್ಲಿಫೈಯರ್ ಬೇಕು. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಪವರ್ಡ್ ಮಿಕ್ಸರ್. ಭಜನೆ, ಹರಿಕಥೆ, ಸೀಮಂತ, ಶಾಲೆಯ ವಾರ್ಷಿಕೋತ್ಸವ ಇಂಥವುಗಳಿಗೆ ಹೇಳಿ ಮಾಡಿಸಿದ ಯಂತ್ರ.

ಅದರ ಒಳಗೆ ನಡೆಯುವ ಕೆಲಸದ ಗಾತ್ರ ಮಾತ್ರ ಬೆರಗು ಹುಟ್ಟಿಸುವಂಥದ್ದು. ಶೂರ್ ಎಸ್‌ಎಂ58 ಎಂಬ ಮೈಕ್ ಹುಟ್ಟಿದ್ದು 1966ರಲ್ಲಿ, ಇವತ್ತಿಗೂ ವೇದಿಕೆಗಳ ಮೇಲೆ ಅದೇ ಜಾಲರಿ ತಲೆ ಕಾಣುತ್ತದೆ. 94 ಡೆಸಿಬಲ್ಲಿನ ದನಿ ತಾಗಿದರೆ ಅದು ಹುಟ್ಟಿಸುವುದು ಸುಮಾರು 2 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲನ್ನು 750 ಪಾಲು ಮಾಡಿ ಒಂದು ಪಾಲು ಎತ್ತಿಕೊಂಡಷ್ಟು. ಆ ಕಡೆ, 8 ಓಮಿನ ಸ್ಪೀಕರಿಗೆ 100 ವಾಟ್ ಉಣಿಸಲು ಬೇಕಾದದ್ದು 28 ವೋಲ್ಟ್. ಅಂದರೆ ನಮ್ಮ ಶಾರದಮ್ಮನವರು ತೆಗೆದ "ಗಜಮುಖನೇ" ಎಂಬ ದನಿ ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ 14,000 ಪಟ್ಟು ಬೆಳೆಯಬೇಕು, ಆದರೂ ಅದು ಶಾರದಮ್ಮನವರ ದನಿಯಾಗಿಯೇ ಉಳಿದಿರಬೇಕು.

ಬೆಳೆಸುವ ಈ ಕೆಲಸದ ಕಷ್ಟದ ಭಾಗವೆಲ್ಲ ಮೊದಲ ಮೆಟ್ಟಿಲಲ್ಲೇ ಇದೆ. ಪ್ರತಿ ಚಾನೆಲ್ಲಿನ ನೆತ್ತಿಯಲ್ಲಿ ಗೇನ್ ಎಂಬ ತಿರುಪು ಇರುತ್ತದೆಯಲ್ಲ, ಅದು ಪ್ರಿಆಂಪ್ಲಿಫೈಯರಿನದು. ಇಲ್ಲಿ ಸೇರಿಕೊಂಡ ಸುಂಯ್‌ಗುಟ್ಟುವಿಕೆ ಮುಂದೆ ದನಿಯ ಜೊತೆಗೇ ಬೆಳೆಯುತ್ತ ಹೋಗುತ್ತದೆ. ಕೊನೆಯಲ್ಲಿ ಹೆಕ್ಕಿ ತೆಗೆಯಲು ಬರುವುದಿಲ್ಲ. ಮೈಕಿನ ಮೂರು ಪಿನ್ನಿನ ಕನೆಕ್ಟರಿಗೂ ಇಲ್ಲೇ ಕೆಲಸ. ಎರಡು ತಂತಿಗಳಲ್ಲಿ ಬರುವುದು ಒಂದೇ ದನಿ, ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ. ಟ್ಯೂಬ್‌ಲೈಟು, ಫ್ಯಾನ್ ರೆಗ್ಯುಲೇಟರುಗಳ ಗುಂಯ್ ಎರಡರಲ್ಲೂ ಒಂದೇ ತೆರನಾಗಿ ಸೇರುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ದನಿ ಇಮ್ಮಡಿಯಾಗುತ್ತದೆ, ಗುಂಯ್ ಸೊನ್ನೆಯಾಗುತ್ತದೆ. ಅಗ್ಗದ ಪೆಟ್ಟಿಗೆಗಳು ಜಿಪುಣತನ ತೋರುವುದೂ ಇಲ್ಲೇ. ಡಬ್ಬದ ಮೇಲೆ "8 ಚಾನೆಲ್" ಎಂದಿರುತ್ತದೆ. ತಿರುಗಿಸಿ ನೋಡಿದರೆ ಮೂರು ಪಿನ್ನಿನ ತೂತು ನಾಲ್ಕೇ. ಉಳಿದವು ಮೊಬೈಲಿಗೋ ಕೀಬೋರ್ಡಿಗೋ ಆಗುವ ಸ್ಟೀರಿಯೋ ಜೋಡಿಗಳು. ಅಂಗಡಿಯಲ್ಲಿ ನಾನು ಮೊದಲು ಎಣಿಸಿದ್ದು ತೂತುಗಳನ್ನೇ.

ಪಕ್ಕದಲ್ಲಿ 48 ವೋಲ್ಟ್ ಎಂದು ಬರೆದ ಒಂದು ಗುಂಡಿ ಇತ್ತು. ಕಂಡೆನ್ಸರ್ ಮೈಕುಗಳಿಗೆ ಅದೇ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ವ್ಯವಸ್ಥೆ ಅದು. ಯಾಕೆ ಸರಿಯಾಗಿ 48? 1966ರಲ್ಲಿ ನಾರ್ವೆಯ ಬಾನುಲಿಗಾಗಿ ಬರ್ಲಿನ್ನಿನ ನಾಯ್ಮನ್ ಕಂಪನಿ ಇದನ್ನು ರೂಪಿಸಿದಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ಸರಬರಾಜು ಮೊದಲೇ ಇತ್ತಂತೆ. ನಾರ್ವೆಯ ತುರ್ತು ದೀಪಗಳಿಗೆ ಎಳೆದ ತಂತಿಯ ಅಂಕೆ ಈಗ ನಮ್ಮ ಗಣಪತಿ ಗುಡಿಯ ಹಾರ್ಮೋನಿಯಂ ಪಕ್ಕ ಕೂತಿದೆ.

ಮಿಕ್ಸರ್ ಎಂದರೆ ಅಡುಗೆಮನೆಯ ಮಿಕ್ಸಿಯ ನೆನಪಾಗುತ್ತದೆ, ಆದರೆ ಇಲ್ಲಿ ರುಬ್ಬುವ ಮಾತಿಲ್ಲ, ಬರೀ ಕೂಡುವ ಲೆಕ್ಕ. ಎಲ್ಲ ಚಾನೆಲ್ಲುಗಳ ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಕೂಡಿಸಿ ಒಂದು ಮೊತ್ತವನ್ನು ಮುಂದೆ ಕಳಿಸುತ್ತದೆ. ಹಾಡದ ಮೈಕೂ ಈ ಲೆಕ್ಕದಲ್ಲಿ ಸೇರುತ್ತದೆ ಎಂಬುದೇ ತೊಡಕು. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಕಿರ್ರ್ ಎನ್ನುವ ಮುಂಚೆ ಎತ್ತಬಹುದಾದ ದನಿ 3 ಡೆಸಿಬಲ್ ಇಳಿಯುತ್ತದೆ. ಒಬ್ಬರು ಹಾಡುವಾಗ ನಾಲ್ಕು ಮೈಕು ತೆರೆದಿಟ್ಟರೆ 6 ಡೆಸಿಬಲ್ ನಷ್ಟ.

ಇನ್ನು ಆ ಎರಡು ಸಾವಿರ ವಾಟ್. ಹುಡುಗನನ್ನು ಕೂರಿಸಿಕೊಂಡು ಸಿಪ್ಪೆ ಸುಲಿದೆ. ಅದು ಪೀಕ್ ಲೆಕ್ಕ. ನಿಜವಾಗಿ ಸಾಗುವ ಸರಾಸರಿ ಅದರ ಅರ್ಧ, ಸಾವಿರ. ಆ ಸಾವಿರವೂ ಎಡ ಬಲ ಎರಡೂ ಸೇರಿ, ಒಂದೊಂದಕ್ಕೆ ಐನೂರು. ಆ ಐನೂರು 4 ಓಮಿನ ಬಾಕ್ಸಿಗೆ; ನಮ್ಮವು 8 ಓಮಿನವು, ಹಾಗಾಗಿ ಮುನ್ನೂರರ ಆಸುಪಾಸು. "ಕಂಪನಿಯವರೇ ಬರೆದಿರೋದು ಸಾರ್" ಎಂದು ನಕ್ಕ. ಸುಳ್ಳು ಬರೆದಿರಲಿಲ್ಲ, ನಿಜ.

ಮುನ್ನೂರು ಕಡಿಮೆಯೇ? 1 ವಾಟಿಗೆ ಒಂದು ಮೀಟರ್ ದೂರದಲ್ಲಿ 95 ಡೆಸಿಬಲ್ ಕೊಡುವ ಬಾಕ್ಸಿಗೆ 100 ವಾಟ್ ಕೊಟ್ಟರೆ 115 ಡೆಸಿಬಲ್. ಬಯಲಲ್ಲಿ ದೂರ ಇಮ್ಮಡಿಸಿದಂತೆ 6 ಡೆಸಿಬಲ್ ಇಳಿದರೂ ಎಂಟು ಮೀಟರಿನಾಚೆ 97 ಉಳಿಯುತ್ತದೆ. ಅಷ್ಟಿದ್ದರೆ ಪಕ್ಕದವರೊಡನೆ ಕೂಗಿಯೇ ಮಾತಾಡಬೇಕು. ವಾಟ್ ಇಮ್ಮಡಿಸಿದರೆ ಹೆಚ್ಚುವುದು 3 ಡೆಸಿಬಲ್, ಕಿವಿಗೆ ಇಷ್ಟೇ ಇಷ್ಟು. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ವಾಟ್ ಹತ್ತು ಪಟ್ಟಾಗಬೇಕು. ಅದೇ ಶಾರದಮ್ಮನವರು ಮೈಕನ್ನು ಒಂದು ಗೇಣು ದೂರದಿಂದ ಅರ್ಧ ಗೇಣಿಗೆ ತಂದರೆ 6 ಡೆಸಿಬಲ್ ಪುಕ್ಕಟೆ. ಆಂಪ್ಲಿಫೈಯರನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದ್ದಕ್ಕೆ ಸಮ. ದುಡ್ಡಿದ್ದರೆ ಅದನ್ನು ಒಳ್ಳೆಯ ಮೈಕಿಗೆ, ಬಾಕ್ಸಿಗೆ, ಸ್ಟ್ಯಾಂಡಿಗೆ ಸುರಿಯಿರಿ ಎಂದು ನಾನು ಮಂಡಳಿಯ ಸಭೆಯಲ್ಲಿ ವಾದಿಸಿದ್ದು ಇದೇ ಲೆಕ್ಕ ಹಿಡಿದು.

ಒಂದು ಸಂಗತಿಯಲ್ಲಿ ಹೊಸ ಕಾಲ ನಿಜಕ್ಕೂ ಒಳ್ಳೆಯದು ಮಾಡಿದೆ. ಹಳೆಯ ಆಂಪ್ಲಿಫೈಯರಿನ ಟ್ರಾನ್ಸಿಸ್ಟರು ಅರ್ಧ ತೆರೆದ ನಲ್ಲಿಯ ಹಾಗೆ. ತಡೆದು ನಿಲ್ಲಿಸಿದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತಿತ್ತು. ಈಗಿನ ಕ್ಲಾಸ್ ಡಿ ಬಗೆಯಲ್ಲಿ ನಲ್ಲಿ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ತೆರೆದ ಹೊತ್ತೆಷ್ಟು, ಮುಚ್ಚಿದ ಹೊತ್ತೆಷ್ಟು ಎಂಬುದರಲ್ಲೇ ದನಿಯ ಆಕಾರ ಅಡಗಿರುತ್ತದೆ. ಕೊನೆಯಲ್ಲಿ ಒಂದು ಕಾಯಿಲು, ಒಂದು ಕೆಪಾಸಿಟರು ಸೇರಿ ಅದನ್ನು ಸೋಸಿ ಕೊಡುತ್ತವೆ. ಶೇ 90ರ ಆಸುಪಾಸು ಶಕ್ತಿ ಸ್ಪೀಕರಿಗೇ ಸಲ್ಲುತ್ತದೆ. ಹಾಗಾಗಿ ಎರಡಾಳು ಹೊರುತ್ತಿದ್ದ ಪೆಟ್ಟಿಗೆಯನ್ನು ಭಟ್ಟರು ಒಂದೇ ಕೈಯಲ್ಲಿ ಗರ್ಭಗುಡಿಯ ಪಕ್ಕದ ಕೋಣೆಗೆ ಒಯ್ಯುತ್ತಾರೆ.

ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಬಾಕ್ಸುಗಳೂ ಸಿಗುತ್ತವೆ. ಒಂದು ಕೆಟ್ಟರೆ ಇನ್ನೊಂದು ಹಾಡುತ್ತದೆ, ಅದು ಅವುಗಳ ಹೆಚ್ಚುಗಾರಿಕೆ. ಆದರೆ ಪ್ರತಿ ಬಾಕ್ಸಿಗೂ ಕರೆಂಟು ಎಳೆಯಬೇಕು. ಮಕ್ಕಳು ಓಡಾಡುವ, ಆಗಾಗ ನೀರು ಚೆಲ್ಲುವ ಗುಡಿಯ ನೆಲದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡು ಹರಿದಾಡುವುದು ನನಗೆ ಒಗ್ಗಲಿಲ್ಲ. ಪವರ್ಡ್ ಮಿಕ್ಸರಿನ ಸ್ಪೀಕರ್ ತೂತನ್ನು ಮರೆತೂ ಆಕ್ಟಿವ್ ಬಾಕ್ಸಿಗೆ ಸಿಕ್ಕಿಸಬೇಡಿ. ಒಂದು ವೋಲ್ಟಿಗೆ ಕಾದು ಕೂತವನ ಬಾಯಿಗೆ 28 ವೋಲ್ಟ್ ಸುರಿದಂತಾಗುತ್ತದೆ.

ಲೆಕ್ಕ ಗೊತ್ತಿದ್ದೂ ಮುಗ್ಗರಿಸಿದ್ದೇನೆ. ರಾಮನವಮಿಯ ಹರಿಕಥೆಗೆ ಜನ ಜಗಲಿಯವರೆಗೆ ತುಂಬಿ, "ಇಲ್ಲೊಂದು ಬಾಕ್ಸ್ ಹಾಕಿಸಿ" ಎಂಬ ಒತ್ತಾಯಕ್ಕೆ ಮಣಿದು, ಎರಡು ಬಾಕ್ಸ್ ಕೂತಿದ್ದ ಚಾನೆಲ್ಲಿಗೇ ಮೂರನೆಯದನ್ನು ಪೋಣಿಸಿದೆ. 8 ಓಮಿನ ಎರಡು ಸೇರಿದರೆ 4. ಮೂರು ಸೇರಿದರೆ 2.7. ಬಾಗಿಲು ಹೆಚ್ಚಿದಷ್ಟೂ ಜನ ನುಗ್ಗುವ ಹಾಗೆ ಕರೆಂಟು ನುಗ್ಗುತ್ತದೆ. ದಾಸರು ಅಹಲ್ಯೆಯನ್ನು ಕಲ್ಲಾಗಿಸಿದ ಹೊತ್ತಿಗೆ ಸರಿಯಾಗಿ ಕೆಂಪು ದೀಪ ಹತ್ತಿ ಮಿಕ್ಸರೂ ಕಲ್ಲಾಯಿತು. ಮೂರನೆಯದನ್ನು ಕಿತ್ತ ಮೇಲೆಯೇ ಇಬ್ಬರಿಗೂ ಜೀವ ಬಂದದ್ದು.

ಕಿರ್ರ್ ಎನ್ನುವ ಆ ಕೂಗಿಗೆ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ನನ ಹೆಸರಿದೆ. ಸ್ಪೀಕರಿನ ದನಿ ಮೈಕಿಗೆ ಮರಳಿ, ಮತ್ತೆ ಬೆಳೆದು, ಮತ್ತೆ ಮರಳಿ ಸುತ್ತು ಹೊಡೆಯುತ್ತದೆ; ಒಂದು ಸುತ್ತಿಗೆ ಒಂದಿಷ್ಟಾದರೂ ಬೆಳೆಯುವ ಸ್ವರವೊಂದು ಉಳಿದೆಲ್ಲವನ್ನೂ ನುಂಗುತ್ತದೆ. ನಮ್ಮಲ್ಲಿ ಅದರ ಮೂಲ ಕೆಲವೊಮ್ಮೆ ಹಾಡುವವರ ಮುಷ್ಟಿ. ಮೈಕಿನ ಜಾಲರಿಯ ಹಿಂಭಾಗದಿಂದ ಒಳಸೇರುವ ದನಿಯಿಂದಲೇ ಅದು ಹಿಂದಿನ ದನಿಗೆ ಕಿವುಡಾಗಿರುವುದು. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಸುತ್ತಲಿನದೆಲ್ಲ ಕೇಳತೊಡಗುತ್ತದೆ. ಹುಡುಗರಿಗೆ ಹಿಡಿಕೆ ಹಿಡಿಯಲು ಕಲಿಸಿದೆ. ಬಾಕ್ಸುಗಳನ್ನು ಹಾಡುವವರ ಮುಂದಕ್ಕೆ ಸರಿಸಿ, ಕೂತವರ ತಲೆಗಿಂತ ಮೇಲೆ ಸ್ಟ್ಯಾಂಡಿಗೇರಿಸಿದೆ. ಎಕೋ ಗುಂಡಿಗೆ ಮಾತ್ರ ಜಗಳವಾಡಬೇಕಾಯಿತು. ಗ್ರಾನೈಟ್ ನೆಲ, ಸಿಮೆಂಟ್ ಗೋಡೆಯ ಹಾಲ್‌ಗೆ ಎಕೋ ಹಾಕುವುದು ಹುಣಸೆ ಹುಳಿಗೆ ನಿಂಬೆ ಹಿಂಡಿದ ಹಾಗೆ. ಒಪ್ಪಿದರು, ಮಂಗಳಾರತಿಯ ಹಾಡೊಂದನ್ನು ಬಿಟ್ಟು.

ಕೊನೆಗೆ ತಂದದ್ದು ಒಂದೊಂದು ಕಡೆಗೆ ಇನ್ನೂರೈವತ್ತು ವಾಟಿನದು. ಮಾಸ್ಟರ್ ಫೇಡರಿನ ಪಕ್ಕ ಬಿಳಿ ಟೇಪು ಅಂಟಿಸಿ ಕೆಂಪು ಗೆರೆ ಎಳೆದು "ಇಲ್ಲಿಗೆ ನಿಲ್ಲಿಸಿ" ಎಂದು ಬರೆದಿದ್ದೆ. ಕಳೆದ ಶನಿವಾರ ಹೋದಾಗ ನೋಡಿದೆ, ಅದಕ್ಕಿಂತ ಅರ್ಧ ಇಂಚು ಮೇಲೆ ಯಾರೋ ನೀಲಿ ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದಿದ್ದರು. ಪಕ್ಕದಲ್ಲಿ "ಹಬ್ಬಕ್ಕೆ" ಎಂದಿತ್ತು.