ಮುಂದಾಳು ಯಾರು?

ಪ್ರತಿ ವರ್ಷವೂ ತರಗತಿಯ ಮುಂದಾಳುಗಳನ್ನು ಆರಿಸುವ ಕಾಲದಲ್ಲಿ, ಮುಂದಾಳಿಗೆ ದೊರೆಯುವ ಅಧಿಕಾರವೇನೆಂದು ಕೇಳುವ ಹುಡುಗಿಯರು ಅನೇಕರು. ಆಕೆ ಮಾಡತಕ್ಕ ಕೆಲಸವೇನೆಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಉತ್ತರವುಂಟು.

ಆ ದೇಶದ ಹಾದಿಗಳು ಧೂಳಿನಿಂದ ತುಂಬಿದವು. ನಡೆದು ಬಂದ ಅತಿಥಿಗಳ ಕಾಲು ತೊಳೆಯುವುದು ಮನೆಯ ಆಳಿನ ಕೆಲಸವೆಂದು ಎಣಿಸಲ್ಪಡುತ್ತಿತ್ತು. ಕಡೆಯ ಭೋಜನದ ರಾತ್ರಿ ಆ ಕೆಲಸವು ಹಾಗೆಯೇ ಉಳಿದಿತ್ತು. ತಮ್ಮಲ್ಲಿ ಯಾರು ಹೆಚ್ಚಿನವನೆಂದು ಶಿಷ್ಯರು ಆ ರಾತ್ರಿಯೂ ವಾದಿಸಿದರೆಂದು ಲೂಕನು ತಿಳಿಸುತ್ತಾನೆ. ಆದರೆ ಅವರಲ್ಲಿ ಒಬ್ಬನಾದರೂ ನೀರಿನ ಬೋಗುಣಿಗೆ ಕೈಹಾಕಲಿಲ್ಲ. ಆಗ ಕರ್ತನೇ ಎದ್ದು, ನಡುವಿಗೆ ಕೈಪಾವಡವನ್ನು ಕಟ್ಟಿಕೊಂಡು, ಅವರೆಲ್ಲರ ಪಾದಗಳನ್ನು ತೊಳೆದನು. ತನ್ನನ್ನು ಹಿಡಿದುಕೊಡಲಿದ್ದ ಯೂದನನ್ನೂ ಆತನು ಬಿಡಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯು ಹುಟ್ಟಬಹುದು. ಸೇವೆಯನ್ನು ಹೆಣ್ಣುಮಕ್ಕಳಿಗೆ ಹೊಸದಾಗಿ ಬೋಧಿಸಬೇಕೇ? ತೊಟ್ಟಿಲಿನಿಂದಲೇ ಅವರ ಕಿವಿಗೆ ಬೀಳುವ ಮಾತು ಅದೇ ಅಲ್ಲವೇ? ಈ ಆಕ್ಷೇಪಣೆಯು ನ್ಯಾಯವಾದದ್ದು. ಆದರೆ ಕರ್ತನು ತನಗಿದ್ದ ಸಕಲ ಅಧಿಕಾರವನ್ನೂ ಬಲ್ಲವನಾಗಿಯೇ ಬಾಗಿದನೆಂಬುದನ್ನು ಸುವಾರ್ತಿಕನು ಮರೆಯದೆ ಹೇಳಿರುತ್ತಾನೆ. ಕೀಳೆಂದು ಎಣಿಸಲ್ಪಟ್ಟು ಅಂಜಿ ಮಾಡುವ ದುಡಿಮೆ ಬೇರೆ. ತನ್ನ ಬೆಲೆಯನ್ನರಿತು ಪ್ರೀತಿಯಿಂದ ಮಾಡುವ ಸೇವೆ ಬೇರೆ. ಮೊದಲನೆಯದು ದಾಸತ್ವ, ಎರಡನೆಯದೇ ನಾಯಕತ್ವ.

ಪಂಡಿತಾ ರಮಾಬಾಯಿಯವರ ಜೀವಿತವು ಇದಕ್ಕೆ ನಿದರ್ಶನ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಆಕೆಗೆ ತಾಯಿಯೇ ಸಂಸ್ಕೃತವನ್ನು ಕಲಿಸಿದರು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ದೇಶವನ್ನೆಲ್ಲಾ ಅಲೆದ ಆಕೆಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷಾಸ್ನಾನವನ್ನು ಹೊಂದಿದ ಅವರು, ಆ ಕೀರ್ತಿಯಲ್ಲಿಯೇ ಸುಖವಾಗಿರಬಹುದಾಗಿತ್ತು. ಆದರೆ 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896-97ರ ಕ್ಷಾಮದಲ್ಲಿ ಮಧ್ಯ ಪ್ರಾಂತಗಳಿಗೆ ತಾವೇ ಹೋಗಿ, ಹಸಿದು ಅನಾಥರಾಗಿದ್ದ ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವದಲ್ಲಿ ಆಶ್ರಯವನ್ನು ಕೊಟ್ಟರು. ಹಸಿವೆಂಬುದೇನೆಂದು ಅವರು ಬಲ್ಲವರಾಗಿದ್ದರು.

ಅವರ ಪಾಂಡಿತ್ಯವೂ ಸೇವೆಗೇ ಸಲ್ಲಿತು. ಹಿಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಅಲ್ಪ ಓದು ಬಲ್ಲ ಸ್ತ್ರೀಯರಿಗೂ ತಿಳಿಯುವಂಥ ಮರಾಠಿಗೆ ಸತ್ಯವೇದವನ್ನು ಭಾಷಾಂತರಿಸುವ ಕೆಲಸದಲ್ಲಿ 1922ರಲ್ಲಿ ತೀರಿಹೋಗುವವರೆಗೂ ತೊಡಗಿದ್ದರು. ಅದನ್ನು ಅಚ್ಚುಹಾಕಿದವರು ಆ ಆಶ್ರಮದ ಸ್ತ್ರೀಯರೇ. ತನ್ನ ಆಶ್ರಯಕ್ಕೆ ಬಂದವರನ್ನು ತನ್ನ ಸಂಗಡ ದುಡಿಯುವವರನ್ನಾಗಿ ಮಾಡುವುದು ಒಳ್ಳೆಯ ಮುಂದಾಳಿನ ಗುರುತು.

ಆದಕಾರಣ, ಪ್ರಿಯ ವಿದ್ಯಾರ್ಥಿನಿಯರೇ, ಮನಸ್ಸಿಟ್ಟು ಕಲಿಯಿರಿ. ಬರಿದಾದ ಕೊಡದಿಂದ ಯಾರ ಬಾಯಾರಿಕೆಯೂ ತೀರದು. ಕಲಿತ ಮೇಲೆ, ಯಾರೂ ಮುಟ್ಟದೆ ಉಳಿದ ಕೆಲಸ ಎಲ್ಲಿದೆಯೆಂದು ನೋಡಿರಿ. ಹೊಗಳುವವರಿಲ್ಲದಿದ್ದರೂ ಅದನ್ನು ಮಾಡಿರಿ. ನಿಮ್ಮ ಕರ್ತನು ನಿಮಗಿಂತ ಮುಂಚೆ ಅಲ್ಲಿ ಮೊಣಕಾಲೂರಿರುವುದನ್ನು ಕಾಣುವಿರಿ.